ಹೊಟ್ಟೆಗೆ ಕಟ್ಟಿಕೊಂಡು ಹೋದ ಪರೀಕ್ಷೆ

ನಾನು ಬಿ.ಎಸ್ಸಿ. ಫೇಲಾದದ್ದು ಒಂದು ಬಿಳಿ ಮೊಟ್ಟೆಯ ದೆಸೆಯಿಂದ. ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತವೆ. ಆಗ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಶ್ರೀರಾಂಪುರದಿಂದ ನಡೆದೇ ಹೋಗಬಹುದಾದ ಹಳ್ಳಿ ನಮ್ಮದು. ಕುರಿ ಸಾಕುವ ಮನೆ. ನನಗಿಂತ ಹಿಂದಿನವರೆಲ್ಲ ಹೆಬ್ಬೆಟ್ಟು ಒತ್ತಿದವರೇ. ಕಾಗದ ಎದುರಿಗೆ ಬಂದರೆ ಎಡಗೈ ಮುಂದೆ ಚಾಚುವುದು ಅವರಿಗೆ ಅಭ್ಯಾಸವಾಗಿತ್ತು. ಅಂಥ ಮನೆಯಿಂದ ನಾನು ಚಿತ್ರದುರ್ಗದ ಕಾಲೇಜಿಗೆ ಹೋದೆ, ಬಿಟ್ಟಿ ಹಾಸ್ಟೆಲಿನಲ್ಲಿ ಇದ್ದೆ, ಪ್ರಾಣಿಶಾಸ್ತ್ರ ಓದಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಷ್ಟಪಟ್ಟು ಗಳಿಸಿದ್ದನ್ನು ಮೆಲ್ಲಗೆ ಯಾಕೆ ಹೇಳಬೇಕು?

ಪಾಠವೆಲ್ಲ ಇಂಗ್ಲಿಷಿನಲ್ಲಿ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲಿ ಓದಿದ ನನಗೆ ಮೊದಲ ವರ್ಷ ಮೇಷ್ಟರ ಬಾಯಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಕೊನೆಯ ವರ್ಷ ಭ್ರೂಣಶಾಸ್ತ್ರ ಬಂತು. ಗಂಡಿನದೊಂದು ಕಣ, ಹೆಣ್ಣಿನದೊಂದು ಕಣ ಸೇರಿ ಒಂದಾಗುವುದು. ಆ ಒಂದು ಒಡೆದು ಎರಡಾಗುವುದು, ಎರಡು ನಾಲ್ಕಾಗುವುದು, ನಾಲ್ಕು ಎಂಟಾಗುವುದು. ಹಿಪ್ಪುನೇರಳೆ ಹಣ್ಣಿನ ಹಾಗೆ ಗುಳ್ಳೆಗುಳ್ಳೆಯಾದ ಉಂಡೆ, ಆಮೇಲೆ ಒಳಗೆ ಪೊಳ್ಳಾದ ಉಂಡೆ. ಇಷ್ಟು ಹೇಗೋ ತಲೆಗೆ ಹೋಯಿತು. ಅಲ್ಲಿಂದ ಮುಂದೆ ಆ ಉಂಡೆಯ ಒಂದು ಪಕ್ಕ ಒಳಕ್ಕೆ ಕುಸಿದು ಪದರ ಪದರ ಆಗುತ್ತದೆ ಎಂದು ಮೇಷ್ಟರು ಬೋರ್ಡಿನ ತುಂಬ ಗೆರೆ ಎಳೆದರು. ಎಷ್ಟು ನೋಡಿದರೂ ನನಗೆ ಅದು ಸೀಮೆಸುಣ್ಣವಾಗಿಯೇ ಕಂಡಿತು. ಒಂದು ಮಧ್ಯಾಹ್ನ ಹಾಸ್ಟೆಲಿನಲ್ಲಿ ಸಾರು ನಿಲ್ಲಲಿ ಎಂದು ರಾಗಿಮುದ್ದೆಯ ನೆತ್ತಿಗೆ ಹೆಬ್ಬೆರಳಿನಿಂದ ಗುಳಿ ಒತ್ತುತ್ತಿದ್ದೆ. ಒತ್ತಿದ ಕೈ ಅಲ್ಲೇ ನಿಂತಿತು. ಹೊರಗಿದ್ದದ್ದು ಒಳಗೆ ಹೋಗಿತ್ತು, ಗುಳಿಗೆ ಬಾಯಿ ಬಂದಿತ್ತು. ಜೀವ ಹುಟ್ಟುವಾಗ ಇಷ್ಟೇನಾ ಆಗುವುದು, ಒಂದು ಹೆಬ್ಬೆಟ್ಟು? ಹಾಗಾದರೆ ಇದು ನಮ್ಮ ಮನೆತನದ ವಿದ್ಯೆಯೇ ಸರಿ ಎಂದು ಅವತ್ತು ಎರಡು ಮುದ್ದೆ ಹೆಚ್ಚು ಹೊಡೆದೆ.

ಇಷ್ಟೆಲ್ಲ ತಿಳಿದವನು ಪ್ರಾಯೋಗಿಕ ಪರೀಕ್ಷೆಯಲ್ಲಿ ಮಣ್ಣು ಮುಕ್ಕಿದೆ. ಮೂರು ದಿನ ಕಾವು ಕೊಟ್ಟ ಕೋಳಿಮೊಟ್ಟೆಯನ್ನು ಒಡೆದು, ಒಳಗಿನ ಭ್ರೂಣವನ್ನು ಕತ್ತರಿಸಿ ತೆಗೆದು, ಗಾಜಿನ ಪಟ್ಟಿಯ ಮೇಲೆ ಇಟ್ಟು, ಸೂಕ್ಷ್ಮದರ್ಶಕದಲ್ಲಿ ತೋರಿಸಬೇಕು. ಕಾಲೇಜಿನಲ್ಲಿ ಬಲ್ಬು ಹಾಕಿದ ಮರದ ಪೆಟ್ಟಿಗೆಯೊಂದಿತ್ತು, ಅದೇ ಕಾವಿನ ಯಂತ್ರ. ಅದರೊಳಗೆ ಪೇಟೆಯ ನಾಟಿಮೊಟ್ಟೆಗಳ ನಡುವೆ ಹಿರಿಯೂರು ಕಡೆಯಿಂದ ಯಾರೋ ತಂದ ಒಂದಷ್ಟು ಬಿಳಿ ಮೊಟ್ಟೆಗಳೂ ಇದ್ದವು. ಆ ಕಾಲಕ್ಕೆ ಬಿಳಿ ಮೊಟ್ಟೆ ಎಂದರೆ ನಮಗೆ ಬೆರಗು. ದೊಡ್ಡದು, ನುಣ್ಣಗಿನದು, ಇಸ್ತ್ರಿ ಮಾಡಿದ ಹಾಗಿರುವುದು. ಆರಿಸಿಕೊಳ್ಳಿ ಎಂದಾಗ ಪೇಟೆ ಹುಡುಗರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರು. ಹಳ್ಳಿಯವನು ನಾನು, ಇದ್ದುದರಲ್ಲಿ ಅತಿ ಬೆಳ್ಳಗಿನದನ್ನು ಹುಡುಕಿ ತೆಗೆದೆ.

ಒಡೆದರೆ ಒಳಗೆ ಹಳದಿ ಬಿಟ್ಟು ಇನ್ನೇನೂ ಇಲ್ಲ. ಆ ಮೊಟ್ಟೆ ಇಟ್ಟ ಕೋಳಿ ಜನ್ಮದಲ್ಲಿ ಹುಂಜದ ಮುಖ ನೋಡಿರಲಿಲ್ಲ. ತಿನ್ನುವ ಮೊಟ್ಟೆಗೆಂದೇ ಸಾಕಿದ ಕೋಳಿ. ಬೇರೆ ಮೊಟ್ಟೆ ಕೊಡುವ ಪದ್ಧತಿ ಇರಲಿಲ್ಲ. ಪಟ್ಟಿ ಖಾಲಿ, ಹಾಳೆಯೂ ಖಾಲಿ. ನಾನು ಫೇಲು.

ಊರಿಗೆ ಹೋಗಿ ನಡೆದದ್ದು ಹೇಳಿದಾಗ ಅವ್ವ ಒಲೆ ಊದುತ್ತಿದ್ದವಳು ಊದುಗೊಳವೆ ಕೆಳಗಿಟ್ಟಳು.

"ಹುಂಜ ಇಲ್ದೆ ಮರಿ ಆಗ್ತದೇನೋ ಮಂಕೆ? ಅಷ್ಟು ತಿಳೀದೆ ಮೂರು ವರ್ಷ ಏನೋದ್ದೆ?"

"ಬೆಳ್ಳಗಿತ್ತಲ್ಲವ್ವಾ..."

"ಬೆಳ್ಳಗಿದ್ದಿದ್ದೆಲ್ಲ ಹಾಲೇನು? ಖಾಲಿ ಮೊಟ್ಟೆ ತಗಂಡು ಹೋಗಿ ಕುಂತರೆ ಯಾವ ಧರ್ಮರಾಯ ಪಾಸ್ ಮಾಡ್ತಾನೆ?"

ಅಪ್ಪ ಹೆಚ್ಚು ಮಾತಾಡುವವನಲ್ಲ. ಮರುದಿನ ಹೊಲದ ಬದುವಿನಿಂದ ಉದ್ದನೆಯ ಕೋಲೊಂದನ್ನು ಕಡಿದು ತಂದು, ಜಗಲಿಯಲ್ಲಿ ಕೂತು ಗಿಣ್ಣು ಸವರತೊಡಗಿದ. ಯಾರಿಗೆ ಎಂದು ಕೇಳಿದೆ. "ನಿಂಗೇಯ. ಇನ್ನೊಂದು ಸಲ ಬರ್ದು ನೋಡು. ಆಗಲಿಲ್ಲ ಅಂದ್ರೆ ಕುರಿ ಹಿಂದೆ ಹೋಗಾಣ. ನಿನ್ನಷ್ಟೇ ಎತ್ತರ ಐತೆ ನೋಡು, ಅಳತೆ ಸರಿ ಐತೆ." ಕೋಲಿಗೆ ಎಣ್ಣೆ ಸವರಿ ಮೂಲೆಯಲ್ಲಿ ನಿಲ್ಲಿಸಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕೋಲು ದಿನಾ ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು.

ಮರುಪರೀಕ್ಷೆ ಮಳೆಗಾಲದ ಕೊನೆಗೆ ಬಂತು. ಪ್ರಾಣಿಶಾಸ್ತ್ರದ ಪ್ರಾಯೋಗಿಕಕ್ಕೆ ಆ ಸಲ ಕೂತವನು ನಾನೊಬ್ಬನೇ. ಮೇಷ್ಟರು ಮೊದಲೇ ಹೇಳಿಬಿಟ್ಟರು: "ನಿನ್ನೊಬ್ಬನಿಗೋಸ್ಕರ ಆ ಪೆಟ್ಟಿಗೆ ಹೊತ್ತಿಸಿ ಕೂರೋಕಾಗಲ್ಲ. ಕರೆಂಟಿನ ಮೇಲೆ ನಂಗೆ ನಂಬಿಕೆನೂ ಇಲ್ಲ. ನಿಮ್ಮನೇಲಿ ಕೋಳಿ ಇದಾವಲ್ಲ, ಮೂರು ದಿನ ಕಾವು ಕೂತ ಮೊಟ್ಟೆ ನೀನೇ ತಗೊಂಡು ಬಾ."

ಪರೀಕ್ಷೆಗೆ ಮೂರು ವಾರ ಇರುವಾಗ ಇದನ್ನು ಹೇಳಲು ಊರಿಗೆ ಹೋದೆ. ನನ್ನ ತಂಗಿ ಚೊಚ್ಚಲ ಬಾಣಂತನಕ್ಕೆ ಆಗಲೇ ತವರಿಗೆ ಬಂದಿದ್ದಳು, ಹೊಟ್ಟೆ ಮುಂದಕ್ಕೆ ಬಂದಿತ್ತು. ಅವ್ವ ಮತ್ತು ಅವಳು ಜಗಲಿಯಲ್ಲಿ ಉಣ್ಣೆ ಹಿಂಜುತ್ತಿದ್ದರು. ನಾನು ಎದುರಿಗೆ ಕೂತು, ಹೊಟ್ಟೆಯೊಳಗೆ ಕೂಸು ಹೇಗೆ ಬೆಳೆಯುತ್ತದೆ ಎಂದು ವಿವರಿಸತೊಡಗಿದೆ. ಯಾರೂ ಕೇಳಿರಲಿಲ್ಲ. ಓದಿದವನಿಗೆ ತಡೆಯುವುದಿಲ್ಲ.

"ಮೊದಲು ಒಂದು ಚುಕ್ಕಿ. ಸಾಸಿವೆಗಿಂತ ಸಣ್ಣದು. ಕೈಯಿಲ್ಲ, ಕಾಲಿಲ್ಲ, ಮುಖ ಇಲ್ಲ. ತಿಂಗಳು ತುಂಬೋದರೊಳಗೆ ಎದೆ ಬಡಿಯೋಕೆ ಶುರು."

"ಮುಖ ಇಲ್ದೆ ಎದೆನಾ?" ಎಂದಳು ತಂಗಿ.

"ಮುಖ ಆಮೇಲೆ. ಕತ್ತಿನ ಹತ್ರ ಮೀನಿನ ಕಿವಿರಿನ ಥರ ಮಡಿಕೆ ಮಡಿಕೆ ಬರ್ತವೆ. ಹಿಂದೆ ಬಾಲ ಇರುತ್ತೆ."

ಉಣ್ಣೆ ಹಿಂಜುವ ಕೈಗಳು ನಿಂತವು.

"ಏನಿರ್ತದೆ?"

"ಬಾಲ. ಸಣ್ಣದು. ಎರಡನೇ ತಿಂಗಳಲ್ಲಿ ನೋಡಿದರೆ ಕೂಸಿಗೂ ಕೋಳಿಮರಿಗೂ ಥಟ್ಟನೆ ವ್ಯತ್ಯಾಸ ಗೊತ್ತಾಗಲ್ಲ. ಆಮೇಲೆ ಕರಗಿ ಹೋಗುತ್ತೆ."

ತಂಗಿ ತನ್ನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. "ಅವ್ವಾ, ಇವನನ್ನ ಒಳಗೆ ಕಳ್ಸು. ನನ್ ಕೂಸಿಗೆ ಬಾಲ ಅಂತಾನೆ."

"ನಿಮ್ಮತ್ತೆ ಮನೆ ಕಡೆಯೋರಿಗಾದ್ರೆ ಇದ್ದೀತು," ಎಂದು ಅವ್ವ ಅವಳನ್ನು ಸಮಾಧಾನ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಓದಕ್ಕೇನೋ ದುರ್ಗಕ್ಕೆ ಹೋಗಿದ್ದು?" ಎಂದಳು.

ನಾನು ಬಾಲದ ವಿಷಯ ಅಲ್ಲಿಗೇ ಬಿಟ್ಟು ಮೊಟ್ಟೆಯ ವಿಷಯ ಎತ್ತಿದೆ. ಪರೀಕ್ಷೆ ಸೋಮವಾರ. ಅದರ ಹಿಂದಿನ ಶುಕ್ರವಾರ ಬೆಳಿಗ್ಗೆ ಕೋಳಿಯನ್ನು ಕಾವಿಗೆ ಕೂರಿಸಬೇಕು. ಭಾನುವಾರ ಸಂಜೆ ಬಂದು ಸೋಮವಾರದ ಮೊದಲ ಬಸ್ಸಿಗೆ ಒಯ್ಯುತ್ತೇನೆ. ಮೂರೇ ದಿನ, ಹೆಚ್ಚೂ ಬೇಡ ಕಡಿಮೆಯೂ ಬೇಡ. ಒಯ್ದು ಒಡೆಯುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಕಾವಿಗಿಟ್ಟ ಮೊಟ್ಟೆ ಒಡೆಯುವುದು ಎಂದರೆ ಅವ್ವ ಕಿವಿ ಮುಚ್ಚಿಕೊಳ್ಳುವವಳು. "ಮರಿ ಹೇಗೆ ಬೆಳೀತದೆ ಅಂತ ತೋರಿಸೋ ಪರೀಕ್ಷೆ," ಎಂದಷ್ಟೇ ಹೇಳಿದ್ದೆ.

"ಮೂರು ದಿನಕ್ಕೆ ಏನು ಬೆಳೀತದೆ?" ಎಂದಳು ಅವ್ವ.

"ಅದೇ ಬೇಕಾಗಿರೋದು."

ಅವ್ವ ಏನೂ ಹೇಳದೆ ಉಣ್ಣೆ ಹಿಂಜಿದಳು. ಆ ಸುಮ್ಮನಿರುವಿಕೆಗೆ ನಾನು ಹೆದರಬೇಕಿತ್ತು. ನಮ್ಮ ಮನೆಯ ಒಂದು ಪದ್ಧತಿ ಹೇಳುತ್ತೇನೆ: ನಮ್ಮ ಹೊಸ್ತಿಲಿನಿಂದ ಅರ್ಧಂಬರ್ಧದ್ದು ಯಾವುದೂ ಆಚೆ ಹೋಗುವಂತಿಲ್ಲ. ಪಕ್ಕದ ಮನೆಗೆ ರಾಗಿ ಕೊಟ್ಟರೆ ಸೇರಿನ ಮೇಲೆ ಗೋಪುರ ಎದ್ದಿರಬೇಕು. ಯಾರದಾದರೂ ಪಾತ್ರೆ ತಿರುಗಿ ಕೊಟ್ಟರೆ ಒಳಗೆ ಒಂದು ಹಿಡಿ ಕಾಳಾದರೂ ಇರಬೇಕು. ಹೋದ ಸಲ ಖಾಲಿ ಮೊಟ್ಟೆಗೆ ಫೇಲಾದ ಮಗ ಈ ಸಲ ಮೂರೇ ದಿನದ ಅರೆಬೆಂದ ಮೊಟ್ಟೆ ಕೇಳುತ್ತಿದ್ದಾನೆ. ಅವಳ ಲೆಕ್ಕಕ್ಕೆ ಇದು ಎಲ್ಲಿ ಹೊಂದಬೇಕು?

ಭಾನುವಾರ ಸಂಜೆ ಮನೆ ಮುಟ್ಟಿದವನೇ ಕೋಳಿಯ ಬುಟ್ಟಿ ಇದ್ದ ಮೂಲೆಗೆ ಓಡಿದೆ. ಊರಿಗೇ ಹೆಸರಾದ ಜಗಳಗಂಟಿ ಕೋಳಿ ಅದು. ಕೈ ಚಾಚಿದ್ದಕ್ಕೆ ರಕ್ತ ಬರುವಂತೆ ಕುಕ್ಕಿತು.

"ಕೂರಿಸಿದೀಯೇನವ್ವಾ, ಹೇಳಿದ ಹಂಗೆ?"

"ಚೆನ್ನಾಗಿ ಕೂತೈತೆ. ಒಂದ್ ದಿನ ಕದಲಿಲ್ಲ ಪಾಪ. ನೀ ಉಣ್ಣು ಬಾ."

ನಸುಕಿನಲ್ಲಿ ಎದ್ದಾಗ ದೊಡ್ಡ ಪ್ರಶ್ನೆ ಎದ್ದಿತು. ದುರ್ಗದವರೆಗೆ ಮೊಟ್ಟೆ ಆರದ ಹಾಗೆ ಒಯ್ಯುವುದು ಹೇಗೆ? ಕೋಳಿಯ ಸಮೇತ ಒಯ್ಯೋಣವೆಂದರೆ ಆ ಕೋಳಿಯ ಜೊತೆ ಬಸ್ಸಿನಲ್ಲಿ ಕೂರುವ ಧೈರ್ಯ ನನಗಿರಲಿಲ್ಲ. ದಾರಿ ತೋರಿಸಿದವಳು ತಂಗಿ. ಅವ್ವನ ಹಳೆಯ ಸೀರೆಯಲ್ಲಿ ಹಿಂಜಿದ ಉಣ್ಣೆ ಹರಡಿ, ಅದರೊಳಗೆ ಮೊಟ್ಟೆ ಸುತ್ತಿ, ನನ್ನ ಬರಿ ಹೊಟ್ಟೆಗೆ ಬಿಗಿದು, ಮೇಲೆ ಅಂಗಿ, ಅದರ ಮೇಲೆ ಕಂಬಳಿ. ಮನುಷ್ಯನ ಮೈ ಬಿಸಿಯೂ ಕೋಳಿಯ ಕಾವೂ ಹೆಚ್ಚುಕಡಿಮೆ ಒಂದೇ ಎಂದು ನಾನೂ ಓದಿದ್ದೆ.

ಆರು ಮೊಟ್ಟೆಗೆ ಇದ್ದಿಲಿನ ಗೆರೆ ಇತ್ತು. ನಮ್ಮ ಕಡೆ ಕಾವಿಗಿಡುವ ದಿನ ಮೊಟ್ಟೆಗಳಿಗೆ ಇದ್ದಿಲಿನಲ್ಲಿ ಗುರುತು ಹಾಕುತ್ತಾರೆ. ಯಾಕೆಂದರೆ ಬೇರೆ ಕೋಳಿಗಳು ಸಂದು ನೋಡಿ ನುಗ್ಗಿ ಅದೇ ಬುಟ್ಟಿಯಲ್ಲಿ ತಮ್ಮದೂ ಒಂದು ಇಟ್ಟು ಹೋಗುತ್ತವೆ. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ತಿಳಿಯಬೇಕಲ್ಲ. ಅವ್ವ ಆರನ್ನು ನೋಡಿ, "ಸಮ ಆಯ್ತು, ಸಮ ಆಗಬಾರ್ದು," ಎಂದು ಬುಟ್ಟಿಗೆ ಕೈ ಹಾಕಿ ಗುರುತಿಲ್ಲದ ಇನ್ನೊಂದನ್ನು ತಂದು ಸೇರಿಸಿದಳು. ಗುಡುಗು ತಾಗದಿರಲಿ ಎಂದು ಎತ್ತಿನ ಲಾಳದ ಮೊಳೆಯೊಂದನ್ನೂ ಗಂಟಿನೊಳಗೆ ಸಿಕ್ಕಿಸಿದಳು. ಆ ಮೊಳೆ ದುರ್ಗದವರೆಗೂ ನನ್ನ ಹೊಕ್ಕುಳ ಪಕ್ಕ ಚುಚ್ಚುತ್ತಲೇ ಇತ್ತು. ಬಿಚ್ಚಿ ಎಸೆಯುವ ಧೈರ್ಯ ಮಾತ್ರ ಬಿ.ಎಸ್ಸಿ. ಓದಿದ ನನಗೂ ಬರಲಿಲ್ಲ.

ತಂಗಿ ಗಂಟು ಬಿಗಿದು ಹಿಂದೆ ಸರಿದು ನೋಡಿದಳು. "ಬೆನ್ನು ಹಿಂದಕ್ಕೆ ಕೊಡು. ಕೂರುವಾಗ ಮೊದಲು ಕೈ ಊರು, ಆಮೇಲೆ ಕೂರು. ಸೀನು ಬಂದ್ರೆ ಹೊಟ್ಟೆ ಹಿಡ್ಕ. ಈಗ ಗೊತ್ತಾಯ್ತೇನೋ ನಮ್ ಕಷ್ಟ?"

ಅಪ್ಪ ಹಟ್ಟಿಯ ಬಾಗಿಲಲ್ಲಿ ಕುರಿ ಹೊರಗೆ ಬಿಡುತ್ತಿದ್ದ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಮೊದಲು ಇಳಿಯೋದು ಯಾವುದೋ, ಅಣ್ಣಂದೋ ತಂಗೀದೋ?" ಎಂದ. ಅವನು ನನ್ನ ಎದುರಿಗೆ ನಕ್ಕದ್ದು ಫೇಲಾದ ಮೇಲೆ ಅದೇ ಮೊದಲು.

ಶ್ರೀರಾಂಪುರದಲ್ಲಿ ಬಸ್ಸು ಹತ್ತಿದೆ. ಬಸ್ಸಿನ ಒಳಗೋಡೆಗೆ ಕೆಂಪು ತ್ರಿಕೋನ ಬರೆದು ಮಕ್ಕಳು ಎರಡು ಸಾಕು ಎಂದು ಹಾಕಿದ್ದರು. ಅದರ ಕೆಳಗೇ ಜಾಗ ಸಿಕ್ಕಿತು. ಕಂಡಕ್ಟರ್ ನನ್ನನ್ನು ಮೂರು ವರ್ಷದಿಂದ ಬಲ್ಲವನು.

"ಏನಪ್ಪ, ಹಬ್ಬದ ಊಟ ಜೋರೇನು? ಸರ್ಕಳ್ರಿ ಅತ್ಲಾಗೆ, ಅವರಿಗೂ ಜಾಗ ಕೊಡ್ರಿ."

"ಒತ್ತಬ್ಯಾಡ್ರಿ, ಒತ್ತಬ್ಯಾಡ್ರಿ, ಮೊಟ್ಟೆ ಅವೆ."

"ಎಲ್ಲಿ?"

ಹೇಳದೆ ವಿಧಿಯಿರಲಿಲ್ಲ. ಹೇಳಿದೆ. ಅವನು ಒಂದು ಕ್ಷಣ ನನ್ನ ಹೊಟ್ಟೆ ನೋಡಿದ, ಒಂದು ಕ್ಷಣ ಮೇಲಿನ ಕೆಂಪು ತ್ರಿಕೋನ ನೋಡಿದ. "ಎಷ್ಟು?" "ಏಳು." "ಲೇ, ಇದರ ಕೆಳಗೆ ಕುಂತ್ಕಂಡು ಏಳಾ? ಡ್ರೈವರಣ್ಣ, ಗುಂಡಿ ನೋಡ್ಕಂಡು ಓಡ್ಸು, ಬಸುರಿ ಅವ್ನೆ ಬಸ್ಸಿನಾಗೆ!"

ಹೊಸದುರ್ಗ ದಾಟುವ ಹೊತ್ತಿಗೆ ಇಡೀ ಬಸ್ಸಿಗೆ ಸುದ್ದಿ ಹರಡಿತ್ತು. ಪಕ್ಕದಲ್ಲಿ ಮತ್ತೋಡಿನ ಒಬ್ಬ ಮುದುಕಿ, ಮೊಮ್ಮಗಳ ಮನೆಗೆ ಹೊರಟವಳು, ನನ್ನ ಕಂಬಳಿಯ ಅಂಚು ಸರಿಮಾಡುತ್ತ ಕೂತಿದ್ದಳು. ಒಬ್ಬರು ಹುಳಿ ಬೇಕೇನಪ್ಪ ಎಂದು ಹುಣಿಸೆಹಣ್ಣು ನೀಡಿದರು. ನಾನು ನಗದೆ, ಗಂಭೀರವಾಗಿ, ಪರೀಕ್ಷೆಗೆ ಹೋಗುವವನ ಮುಖ ಮಾಡಿಕೊಂಡಿದ್ದೆ.

ಹೊಳಲ್ಕೆರೆಯಲ್ಲಿ ಬಸ್ಸು ನಿಂತು ಇಂಜಿನ್ ಆರಿಸಿದರು. ಬಸ್ಸೆಲ್ಲ ನಿಶ್ಶಬ್ದವಾಯಿತು. ಆಗ ನನ್ನ ಹೊಟ್ಟೆಯಿಂದ ಸದ್ದು ಬಂತು.

ಚಿಂವ್.

ನಾನು ಕೆಮ್ಮಿದೆ. ಮತ್ತೆ, ಚಿಂವ್ ಚಿಂವ್. ಮುಂದಿನ ಸೀಟಿನವರು ತಿರುಗಿದರು. ಮುದುಕಿ ಏನನ್ನೂ ಕೇಳದೆ ಬಾಗಿ ನನ್ನ ಹೊಟ್ಟೆಗೆ ಕಿವಿ ಇಟ್ಟಳು. ಕಂಬಳಿಯ ಮೇಲೆ ಅವಳ ಬೆಳ್ಳಗಿನ ತಲೆ, ಸುತ್ತ ಕತ್ತು ಚಾಚಿದ ಬಸ್ಸಿನ ಜನ.

"ಇದು ಮೂರು ದಿನದ್ದಲ್ಲಪ್ಪ," ಎಂದಳು ಎದ್ದು. "ದಿನ ತುಂಬೈತೆ. ಇವತ್ತೇ ಒಡೀತಾವೆ."

ಬಸ್ಸು ಗೊಳ್ಳೆಂದಿತು. ನನಗೆ ಮಾತ್ರ ನಮ್ಮ ಮನೆಯ ಮೂಲೆಯಲ್ಲಿ ಎಣ್ಣೆ ಕುಡಿದು ನಿಂತ ಕೋಲು ಕಣ್ಣಿಗೆ ಕಟ್ಟಿತು. ಅವ್ವ ಏನು ಮಾಡಿದ್ದಾಳೆಂದು ಆ ಕ್ಷಣಕ್ಕೆ ತಿಳಿಯಿತು. ನಾನು ಹೇಳಿ ಹೋದ ದಿನವೇ ಕೋಳಿ ಕೂರಿಸಿಬಿಟ್ಟಿದ್ದಾಳೆ. ಪೂರ್ತಿ ಇಪ್ಪತ್ತೊಂದು ದಿನ. ಅಳೆದು, ಮೇಲೆ ಗೋಪುರ ಎಬ್ಬಿಸಿ ಕಳಿಸಿದ್ದಾಳೆ.

"ಇಲ್ಲೇ ಹೊಳಲ್ಕೆರೆ ಆಸ್ಪತ್ರೆಗೆ ಇಳಿಸಾಣೇನು?" ಎಂದ ಕಂಡಕ್ಟರ್.

"ನಗಬ್ಯಾಡ್ರಿ, ನಾನು ಫೇಲಾಗ್ತೀನಿ."

"ಯಾಕೆ ಫೇಲಾಗ್ತೀ? ಮೊಟ್ಟೆ ಕೇಳಿದ್ರೆ ಮರಿ ಕೊಡ್ತಿದೀಯ. ಬಡ್ಡಿ ಸಮೇತ. ನೋಡು, ಹೊಟ್ಟೆಯಾಗಿರೋ ತಂಕ ಟಿಕೆಟಿಲ್ಲ. ಹೊರಗೆ ಬಂದ್ರೆ ಅರ್ಧ ಟಿಕೆಟು."

ದುರ್ಗದಲ್ಲಿ ಇಳಿಯುವಾಗ ಇಬ್ಬರು ನನ್ನ ಕೈ ಹಿಡಿದು ಇಳಿಸಿದರು. ಒಬ್ಬೊಬ್ಬರೂ ಹರಸಿದರು, ಯಾವುದಕ್ಕೆ ಎಂದು ಬಿಡಿಸಿ ಹೇಳಲಿಲ್ಲ.

ಪ್ರಯೋಗಾಲಯದಲ್ಲಿ ಮೇಷ್ಟರು, ಮೈಸೂರಿನ ಕಡೆಯಿಂದ ಬಂದಿದ್ದ ಹೊರಗಿನ ಪರೀಕ್ಷಕರು, ಅಟೆಂಡರ್, ಮತ್ತು ನಾನು. ಪರೀಕ್ಷಕರು ದಪ್ಪ ಕನ್ನಡಕದವರು, ನಶ್ಯ ಏರಿಸುತ್ತಿದ್ದರು. ಒಬ್ಬ ಹುಡುಗನಿಗಾಗಿ ರಾತ್ರಿಯೆಲ್ಲ ಪ್ರಯಾಣ ಮಾಡಿದ ಬೇಸರ ಮುಖದಲ್ಲಿತ್ತು. ನಾನು ಕಂಬಳಿ ತೆಗೆದೆ, ಅಂಗಿ ಎತ್ತಿದೆ, ಸೀರೆ ಬಿಚ್ಚತೊಡಗಿದೆ.

"ಏನ್ರೀ ಇದು?" ಎಂದರು ಪರೀಕ್ಷಕರು ಹಿಂದೆ ಸರಿದು.

ಉಣ್ಣೆ ಮೇಜಿನ ಮೇಲೆ ಹರಡಿತು. ಲಾಳದ ಮೊಳೆ ಠಣ್ ಎಂದು ಬಿತ್ತು. ಅದರ ಹಿಂದೆಯೇ ಒಂದು ಮರಿ ಉಣ್ಣೆಯಿಂದ ಎದ್ದು, ಅರ್ಧ ಚಿಪ್ಪು ಬೆನ್ನಿಗೆ ಅಂಟಿಸಿಕೊಂಡು, ಪರೀಕ್ಷಕರ ಕಡೆ ಎರಡು ಹೆಜ್ಜೆ ಇಟ್ಟು ಕುಸಿಯಿತು. ಇನ್ನೂ ಐದು ಮೊಟ್ಟೆಗಳು ಬಿರುಕು ಬಿಟ್ಟು ಒಳಗಿನಿಂದ ಕೂಗುತ್ತಿದ್ದವು.

ಮೇಷ್ಟರು ತಲೆ ಹಿಡಿದುಕೊಂಡರು. "ಮೂರು ದಿನ ಅಂದಿದ್ದೆನಲ್ಲೋ!"

"ನಾನೂ ಅದನ್ನೇ ಅಂದಿದ್ದೆ ಸಾರ್. ನಮ್ಮವ್ವ ಪೂರ್ತಿ ಮಾಡಿಕೊಟ್ಟಿದಾಳೆ."

ಪರೀಕ್ಷಕರು ನಶ್ಯದ ಡಬ್ಬಿ ಮುಚ್ಚಿದರು. "ಭ್ರೂಣ ಇಲ್ಲ ಅಂದರೆ ನಾನು ಅಂಕ ಕೊಡಲಿಕ್ಕಾಗುವುದಿಲ್ಲ. ಕೋಳಿ ಸಾಕಣೆಯ ಪರೀಕ್ಷೆ ಅಲ್ಲ ಇದು." ಸಿಟ್ಟಿಲ್ಲದೆ ಹೇಳಿದರು. ಅದಕ್ಕೇ ಇನ್ನೂ ಭಯವಾಯಿತು. ನಾನು ಏನು ಮಾಡಬೇಕೆಂದು ತೋಚದೆ ಮೊಟ್ಟೆಗಳನ್ನು ಒಂದೊಂದಾಗಿ ಮುಟ್ಟಿದೆ. ಇದ್ದಿಲಿನ ಗೆರೆ, ಇದ್ದಿಲಿನ ಗೆರೆ, ಇದ್ದಿಲಿನ ಗೆರೆ. ಕೊನೆಯದು ಬೋಳು. ಬಿರುಕಿಲ್ಲ, ಸದ್ದಿಲ್ಲ.

ಸಮ ಆಗಬಾರದು ಎಂದು ಸೇರಿಸಿದ್ದು. ಯಾವುದೋ ಕಳ್ಳಕೋಳಿ ಆಮೇಲೆ ಬಂದು ಇಟ್ಟು ಹೋದದ್ದು.

"ಸಾರ್, ಇದೊಂದು ಬೇರೆ," ಎಂದೆ.

ಅಟೆಂಡರ್ ಬೆಚ್ಚಗಿನ ಉಪ್ಪುನೀರು ತಂದ. ಮೊಟ್ಟೆಯನ್ನು ಬಟ್ಟಲಿನ ಅಂಚಿಗೆ ತಾಗಿಸಿದೆ. ಹೋದ ಸಲದ ಖಾಲಿ ಹಳದಿ ನೆನಪಾಗಿ ಒಂದು ಕ್ಷಣ ಕಣ್ಣು ಮುಚ್ಚಿದೆ. ತೆರೆದಾಗ ಹಳದಿಯ ಮೇಲೆ ಕೆಂಪು ದಾರದ ಜಾಲ ಹರಡಿತ್ತು. ನಡುವೆ ಉಗುರಿನಷ್ಟೂ ಇಲ್ಲದ ಒಂದು ಕೊಂಕು, ಅದರ ಎದೆಯಲ್ಲಿ ಕೆಂಪು ಚುಕ್ಕಿ. ಚುಕ್ಕಿ ಬಡಿಯುತ್ತಿತ್ತು.

ಮುಖ ಇಲ್ಲದೆ ಎದೆನಾ ಎಂದು ತಂಗಿ ಕೇಳಿದ್ದಳು. ಪುಸ್ತಕದಲ್ಲಿ ಆ ಹೃದಯದ ಚಿತ್ರವನ್ನು ನಾನು ಎಷ್ಟು ಸಲ ಬರೆದಿದ್ದೆನೋ. ಆದರೆ ಅದು ನಿಜವಾಗಿ ಬಡಿಯುತ್ತದೆ ಎಂದು ನಂಬಿದ್ದು ಅವತ್ತೇ. ಕೈ ಕತ್ತರಿ ಹಿಡಿಯಲೇ ಇಲ್ಲ.

"ನೋಡಿದ್ದು ಸಾಕು, ಕೆಲಸ ಮಾಡ್ರಿ," ಎಂದರು ಪರೀಕ್ಷಕರು. ಅವರೂ ಬಗ್ಗಿ ನೋಡುತ್ತಿದ್ದರು.

ಕತ್ತರಿಸಿದೆ, ತೇಲಿಸಿದೆ, ಗಾಜಿನ ಪಟ್ಟಿಗೆ ಏರಿಸಿದೆ. ಹರಿಯಲಿಲ್ಲ. ಪರೀಕ್ಷಕರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಕೇಳಿದರು: "ಇದು ಎಷ್ಟು ದಿನದ್ದು?"

ಮೂರು ಎನ್ನಬಹುದಿತ್ತು. "ಗೊತ್ತಿಲ್ಲ ಸಾರ್. ಕಳ್ಳಕೋಳಿಯ ಮೊಟ್ಟೆ. ಯಾವತ್ತು ಇಟ್ಟಿತೋ ಯಾರೂ ನೋಡಿಲ್ಲ."

"ಮತ್ತೆ ಹೇಗೆ ಕಂಡುಹಿಡಿಯುತ್ತೀರಿ?"

"ಬೆನ್ನಿನ ಗಂಟು ಎಣಿಸಿ ಸಾರ್."

ಮುಂದೆ ಬೆನ್ನುಮೂಳೆಯಾಗುವ ಗಂಟುಗಳು ಭ್ರೂಣದ ಬೆನ್ನಿನುದ್ದಕ್ಕೂ ಎರಡು ಸಾಲಾಗಿ, ಜೋಡಿ ಜೋಡಿಯಾಗಿ ಏಳುತ್ತವೆ. ದಿನ ಹೋದಂತೆ ಜೋಡಿ ಹೆಚ್ಚುತ್ತವೆ. ಕಣ್ಣಿಟ್ಟರೆ ಅವು ಒಂದರ ಹಿಂದೆ ಒಂದು ನೂಕಾಡುತ್ತ ಹೊರಟ ಹಾಗೆ ಕಂಡವು. ಹಟ್ಟಿಯ ಬಾಗಿಲು ತೆಗೆದಾಗ ಅಪ್ಪ ಕುರಿಯನ್ನು ಒಂದೊಂದಾಗಿ ಎಣಿಸುವುದಿಲ್ಲ, ಜೋಡಿಯ ಮೇಲೆ ಎಣಿಸುತ್ತಾನೆ, ಎರಡು ಬೆರಳು ಮಡಚಿ ಮಡಚಿ. ಸಣ್ಣವನಿದ್ದಾಗ ನನಗೂ ಹಾಗೇ ಕಲಿಸಿದ್ದ. ನಾನು ಒಂದು ಕಣ್ಣು ಮುಚ್ಚಿ ಎರಡು ಬೆರಳು ಮಡಚುತ್ತ ಎಣಿಸಿದೆ, ಬಾಯಿಂದ ಸಣ್ಣಗೆ ಹುರ್ರ್ ಹುರ್ರ್ ಎಂದು ಕುರಿ ಅಟ್ಟುವ ಸದ್ದೂ ಬಂದಿರಬೇಕು. ಮೇಷ್ಟರು ಕೆಮ್ಮಿದರು.

"ಮೂರು ದಿನ ದಾಟಿದೆ ಸಾರ್. ನಾಲ್ಕು ತುಂಬಿಲ್ಲ."

ಪರೀಕ್ಷಕರು ತಾವೂ ಎಣಿಸಿದರು. ಬಹಳ ಹೊತ್ತು ಎಣಿಸಿದರು. ಅಷ್ಟರಲ್ಲಿ ಮರಿ ಅವರ ಹಾಳೆಯ ಮೇಲೆ ಹತ್ತಿ, ನನ್ನ ಅಂಕ ಬರೆಯಬೇಕಾದ ಕಡೆಯೇ ಒಂದು ಹಿಕ್ಕೆ ಹಾಕಿತು. ಅವರು ಹಾಳೆ ನೋಡಿದರು, ಮರಿ ನೋಡಿದರು, ನನ್ನನ್ನು ನೋಡಿದರು.

"ಇದು ನಿಮ್ಮ ತಾಯಿಯವರ ರುಜುವೇನ್ರೀ?" ಎಂದು, ಅದರ ಪಕ್ಕಕ್ಕೆ ಅಂಕ ಬರೆದರು. ಎಷ್ಟೆಂದು ತೋರಿಸಲಿಲ್ಲ. ಆದರೆ ಅಟೆಂಡರ್ ಕಾವಿನ ಪೆಟ್ಟಿಗೆಯ ಬಲ್ಬು ಹೊತ್ತಿಸಿ ಮರಿಗಳನ್ನು ಅದರೊಳಗೆ ಇಡುವಾಗ, "ನಿನ್ ಕೋಲಿಗೆ ಬೇರೆ ಆಳು ನೋಡ್ಕಬೇಕು ಬಿಡು," ಎಂದು ಪಿಸುಗುಟ್ಟಿದ. ಕೋಲಿನ ಕಥೆ ನಾನು ಅವನಿಗೆ ಹೇಳಿದ್ದೆ.

ಮರುದಿನ ಆರು ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಊರಿಗೆ ಬಂದೆ. ಅವ್ವ ಬಾಗಿಲಲ್ಲೇ ಕಾದಿದ್ದಳು.

"ಏನಂದ್ರು? ಮರಿ ನೋಡಿ ಖುಷಿ ಆದ್ರಾ?"

"ಅವ್ವಾ, ಮೂರು ದಿನದ್ದು ಅಂದಿದ್ದೆ ನಾನು!"

"ಕಾವಿಗೆ ಬಂದ ಕೋಳಿ ನಿನ್ ಪರೀಕ್ಷೆ ತಂಕ ಕಾಯ್ತದೇನೋ? ಅದೂ ಅಲ್ದೆ ಮರಿ ಹೆಂಗೆ ಬೆಳೀತದೆ ತೋರ್ಸೋದು ಅಂತ ನೀನೇ ಅಂದೆ. ಮರೀನೇ ಕೊಟ್ಟೆ. ಇನ್ನೇನು ಬೇಕಿತ್ತು ಅವರಿಗೆ?"

ಗುರುತಿಲ್ಲದ ಮೊಟ್ಟೆ ನನ್ನನ್ನು ಉಳಿಸಿದ್ದನ್ನು ಹೇಳಿದೆ. ಅವಳು ನಂಬಲಿಲ್ಲ. "ಅದಾ? ಅದು ಎಣಿಕೆಗೆ ಇಟ್ಟಿದ್ದು. ಅದನ್ನ ನೋಡಿ ಯಾರು ಪಾಸ್ ಮಾಡ್ತಾರೆ? ಮರಿ ನೋಡೇ ಮಾಡಿರೋದು. ದೊಡ್ಡೋರು, ಬಾಯಿ ಬಿಟ್ಟು ಹೇಳಿರಲ್ಲ." ಊರಲ್ಲೆಲ್ಲ ಅವಳು ಹೇಳಿದ್ದೂ ಹಾಗೆಯೇ. ಈಗಲೂ ಆ ಕಡೆ ಯಾರಾದರೂ ಹಳಬರು ಸಿಕ್ಕರೆ, ಆರು ಮರಿ ಕೊಟ್ಟು ಬಿ.ಎಸ್ಸಿ. ತಂದವನು ಎಂದೇ ನನ್ನನ್ನು ಗುರುತಿಸುತ್ತಾರೆ.

ಪಾಸಾದ ಸುದ್ದಿ ಬಂದದ್ದು ತಂಗಿಗೆ ಹೆರಿಗೆಯಾದ ವಾರವೇ. ಅಪ್ಪ ಸುದ್ದಿ ಕೇಳಿ, ಒಳಗೆ ಹೋಗಿ ಮೂಲೆಯ ಕೋಲನ್ನು ತಂದ. ಮೊಣಕಾಲಿಗೆ ಕೊಟ್ಟು ಮುರಿಯುತ್ತಾನೆಂದುಕೊಂಡೆ. ನಮ್ಮ ಮನೆಯಲ್ಲಿ ಯಾವುದನ್ನೂ ಹಾಗೆ ಹಾಳು ಮಾಡುವುದಿಲ್ಲ. ಕೋಳಿಗೂಡಿನೊಳಗೆ ಅಡ್ಡಕ್ಕೆ ಕಟ್ಟಿದ. ಬೆಳೆದ ಮರಿಗಳು ಆರೂ ಅವತ್ತು ಸಂಜೆಯೇ ಅದರ ಮೇಲೆ ಸಾಲಾಗಿ ಕೂತವು.

ಹೆರಿಗೆಯ ದಿನದ್ದು ಒಂದು ಮಾತು ಉಳಿದಿದೆ. ನಾನು ಹೊರಗೆ ಜಗಲಿಯಲ್ಲಿದ್ದೆ. ಒಳಗಿನಿಂದ ಕೂಸಿನ ಅಳು ಕೇಳಿತು. ಗಂಡೋ ಹೆಣ್ಣೋ ಎಂದು ಹೇಳಲು ಅವ್ವ ಬರಬೇಕು, ಬರಲಿಲ್ಲ. ಸ್ವಲ್ಪ ಹೊತ್ತಾಯಿತು. ಸೂಲಗಿತ್ತಿ, "ಅದೇನು ಹಿಂದೆ ತಿರುಗಿಸಿ ನೋಡ್ತೀಯಬೇ, ಮುಂದೆ ನೋಡು," ಎಂದು ಗದರುವುದು ಕೇಳಿಸಿತು. ಆಮೇಲೆ ಅವ್ವ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಹೆಣ್ಣು ಕೂಸು. ಅಪ್ಪನಿಗೆ ತೋರಿಸುವ ಮೊದಲು ನನ್ನ ಹತ್ತಿರ ಬಂದು, ಬಟ್ಟೆಯನ್ನು ಹಿಂಬದಿಯಿಂದ ಒಂದಿಷ್ಟು ಸರಿಸಿದಳು. ಬೆನ್ನ ಕೊನೆಯಲ್ಲಿ, ಕುಂಡಿಯ ಮೇಲ್ಗಡೆ, ಹೆಬ್ಬೆರಳಿನ ತುದಿ ಒತ್ತಿದಷ್ಟು ಸಣ್ಣ ಗುಳಿ.

"ಇಲ್ಲೇ ಇತ್ತು ನೋಡು," ಎಂದಳು ದನಿ ತಗ್ಗಿಸಿ. "ಉದುರಿ ಹೋಗೈತೆ. ನೀನು ಓದಿದ್ದು ದಿಟ ಐತೆ ಬಿಡು."